ಪಟದಲ್ಲಿದ್ದ ಹೆಣ್ಣು

ಮನುಷ್ಯನ ಮುಖ ಬರೆಯುವುದು ಕಷ್ಟವೆಂದು ಯಾರಾದರೂ ಹೇಳಿದರೆ ಆ ಕಾಲದಲ್ಲಿ ನನಗೆ ನಗು ಬರುತ್ತಿತ್ತು. ಕಷ್ಟವೇನು ಬಂತು? ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ, ಬದಿಗೆ ಎರಡು ಕಿವಿ. ಒಂದು ಹುಳಿ ಮಾಡಬೇಕಾದರೂ ಇದಕ್ಕಿಂತ ಹೆಚ್ಚು ಸಾಮಾನು ಬೇಕು! ನಾನು ಬಿಜೂರಿನಲ್ಲಿ ಶಾಲೆಯ ಮಾಸ್ತರ. ಕರಿಹಲಗೆಯ ಮೇಲೆ ನಾನು ಬರೆದ ಮಾವಿನಹಣ್ಣನ್ನು ಇನ್ಸ್‌ಪೆಕ್ಟರರು ಮಾವಿನಹಣ್ಣೆಂದೇ ಗುರುತಿಸಿದ್ದರು. ಮಾವಿನಹಣ್ಣು ಬಂದವನಿಗೆ ಮನುಷ್ಯ ಬಾರದೆ ಹೋಗುತ್ತಾನೆಯೇ?

ಈ ಧೈರ್ಯದಿಂದಲೇ ನಾನು ಕುಂದಾಪುರದಲ್ಲಿದ್ದ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರ ಶಿಷ್ಯತ್ವ ಸ್ವೀಕರಿಸಿದೆ. ಭಾನುವಾರವೆಂದರೆ ಬಸ್ಸು, ಆಮೇಲೆ ದೋಣಿ, ಆಮೇಲೆ ಮತ್ತೊಂದು ಬಸ್ಸು. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಗೌರವದ ಮಾತು. ನನ್ನ ತೊಡೆಯ ಮೇಲೆ ಚಿತ್ರ ಬರೆಯುವ ಇದ್ದಿಲ ಕಡ್ಡಿಗಳ ಕಟ್ಟು ಕಂಡು ಕಂಡಕ್ಟರ್ ಒಮ್ಮೆ ಕೇಳಿಯೇಬಿಟ್ಟ.

“ಎಂತ ಮಾಸ್ಟ್ರೆ, ಬಸ್ಸಿಗೇ ಮಸಿ ಸಾಲ್ತಿಲ್ಲೆ. ನೀವ್ ಬೇರೆ ಹೊತ್ಕಂಡ್ ಹೋತ್ರ್ಯಾ?”

ಕಲೆಯ ಮಾರ್ಗದಲ್ಲಿ ಇಂಥ ಅವಮಾನಗಳು ಸಹಜವೆಂದು ನಾನು ಕಿಟಕಿಯ ಹೊರಗೆ ನೋಡಿದೆ.

ಗುರುಗಳು ಮಿತಭಾಷಿ. ಅವರ ಉಪದೇಶ ಎರಡೇ ಮಾತು. “ಕಂಡದ್ದನ್ನ ಬರೀಕ್, ಗೊತ್ತಿದ್ದದ್ದನ್ನಲ್ಲ. ಮೊದ್ಲ್ ಅಲ್ಲಾಡದೆ ಕೂಕಂಬ ಒಂದ್ ಮೊಕ ಹುಡ್ಕಿ.”

ಅಲ್ಲಾಡದೆ ಕೂರುವ ಮುಖವನ್ನು ನಮ್ಮ ಮನೆಯಲ್ಲಿ ಹುಡುಕುವುದೆ! ಹೆಂಡತಿ ಜಲಜಳನ್ನು ಕೂರಿಸಿದೆ. ಹುಬ್ಬಿನವರೆಗೆ ಬರುವಷ್ಟರಲ್ಲಿ ಅನ್ನ ಉಕ್ಕಿತೆಂದು ಎದ್ದು ಹೋದಳು. ಅಮ್ಮನನ್ನು ಕೂರಿಸಿದೆ. ಅವರು ಕೂತಲ್ಲೇ ನಿದ್ದೆ ಹೋಗಿ ಗೋಡೆಯ ಕಡೆಗೆ ತಿರುಗಿದರು. ಕಡೆಗೆ ಉಳಿದದ್ದು ಗೋಡೆಯ ಕನ್ನಡಿ. ಅದರೊಳಗೆ ನಾನು ಕರೆದಾಗ ಬರುವ, ಕೂರೆಂದರೆ ಕೂರುವ, ಎದುರಾಡದ ಒಂದು ಮುಖವಿತ್ತು. ಅದು ನನ್ನದೇ.

ತಿಂಗಳುಗಟ್ಟಲೆ ಅದನ್ನೇ ಬರೆದೆ. ಉದ್ದನೆಯ ಮೂಗು, ನಡುವೆ ಕೂಡಿಕೊಂಡ ಹುಬ್ಬು, ತೆರೆದಿಟ್ಟ ಕಿಟಕಿಯ ಬಾಗಿಲುಗಳಂತೆ ಎರಡೂ ಬದಿಗೆ ನಿಂತ ಕಿವಿ. ಕೊನೆಕೊನೆಗೆ ಕನ್ನಡಿ ನೋಡದೆಯೂ ಕೈ ತಾನಾಗಿ ಬರೆಯುವಷ್ಟು ಪಳಗಿತು. ಗುರುಗಳು ಹಾಳೆಯನ್ನು ದೂರ ಹಿಡಿದು, “ಇದ್ ನೀವೇ!” ಎಂದರು. ಅಂದಿಗೆ ನನ್ನ ವಿದ್ಯಾಭ್ಯಾಸ ಸಂಪೂರ್ಣವಾಯಿತೆಂದು ನಾನು ತೀರ್ಮಾನಿಸಿದೆ. ಅವರು ಹಾಗೆ ಹೇಳಿರಲಿಲ್ಲ.

ಆಮೇಲೆ ಊರವರ ಮೇಲೆ ಕೈಮಾಡಿದೆ. ಪಕ್ಕದ ಮನೆಯ ಮಂಜಯ್ಯನವರನ್ನು ನಮ್ಮ ಜಗಲಿಯಲ್ಲಿ ಕೂರಿಸಿ ಒಂದು ಮಧ್ಯಾಹ್ನ ಪೂರ್ತಿ ಬರೆದೆ. ಅವರದು ಚಪ್ಪಟೆ ಮೂಗು, ಹುಬ್ಬಿನಲ್ಲಿ ಕೂದಲೇ ಇಲ್ಲ. ಪಟ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ ಕನಿಕರದಿಂದ ಕೇಳಿದರು.

“ಇದ್ ತೀರಿಹೋದ ನಿಮ್ಮ ಅಪ್ಪಯ್ಯ ಅಲ್ದಾ ಮಾಸ್ಟ್ರೆ?”

“ಅಲ್ಲ ಮಂಜಯ್ಯ, ಇದು ನೀವು!”

ನಾನು ಕೊಟ್ಟ ವೀಳ್ಯವನ್ನೂ ಮುಟ್ಟದೆ ಅವರು ಎದ್ದು ಹೋದರು. ಹಲವು ದಿನ ಬೇಲಿಯಾಚೆಯಿಂದ ಮಾತೇ ಇಲ್ಲ. ಹೊಟ್ಟೆಕಿಚ್ಚು ಎಂದುಕೊಂಡೆ.

ಜಲಜ ಮಾತ್ರ ಮಾತು ಬಿಡುವವಳಲ್ಲ. ಅವಳ ಬಾಯಿಗೆ ಹೆದರಿ ನಮ್ಮ ಓಣಿಯ ನಾಯಿಗಳೂ ದಾರಿ ಬದಲಿಸುತ್ತವೆ. “ಹ್ವಾಯ್, ಇಲ್ಕಾಣಿ,” ಎಂದಳು. “ನಿಮ್ಗೆ ಬಪ್ಪುದೇ ಒಂದ್ ಮೊಕ. ಅದನ್ನೇ ಊರಿಗೆಲ್ಲ ಹಂಚ್ತಾ ಇದ್ರಿ. ನಾಳೆ ನಮ್ಮ ದನದ ಪಟ ಬರ್ದ್ರೂ ಅದ್ಕೆ ನಿಮ್ದೇ ಮೂಗ್!”

ಹೆಂಗಸರಿಗೆ ಕಲೆ ಅರ್ಥವಾಗುವುದಿಲ್ಲವೆಂದು ನಾನು ಅವಳನ್ನು ಉದಾರವಾಗಿ ಕ್ಷಮಿಸಿದೆ. ಹೇಗೂ ನಾನು ಮಾಸ್ತರ. ತಪ್ಪು ತಿದ್ದುವುದು ನನ್ನ ಕಸುಬು, ತಿದ್ದಿಸಿಕೊಳ್ಳುವುದಲ್ಲ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ನನಗೊಬ್ಬಳು ತಂಗಿ, ನಾಗವೇಣಿ. ಮನೆಯಲ್ಲಿ ನಾಗು. ಅಪ್ಪ ಇಲ್ಲದ ಮೇಲೆ ಅವಳ ಮದುವೆಯ ಭಾರ ನನ್ನದು. ಅದುವರೆಗೆ ಬಂದ ಸಂಬಂಧಗಳೆಲ್ಲ ನಮ್ಮ ಜಗಲಿಯವರೆಗೆ ಬಂದು ಹಾಗೇ ಹಿಂದೆ ಹೋಗಿದ್ದವು. ಒಬ್ಬರಿಗೆ ಬಣ್ಣ ಸಾಲದು, ಒಬ್ಬರಿಗೆ ಎತ್ತರ ಹೆಚ್ಚು, ಒಬ್ಬರಿಗೆ ಜಾತಕ ಕೂಡದು. ನಮ್ಮ ಮನೆಯ ಅವಲಕ್ಕಿ ಎಲ್ಲರಿಗೂ ಹಿಡಿಸಿತ್ತು. ನಾಗು ಹಿಡಿಸಿರಲಿಲ್ಲ. ಪ್ರತಿಸಲವೂ ಅವಳು ಬೆಲ್ಲ ನೀರಿನ ತಟ್ಟೆ ಹಿಡಿದು ಹೊರಗೆ ಬರುವುದು, ಬಂದವರು ಅವಳನ್ನು ಸಂತೆಯ ಕರುವಿನಂತೆ ಮೇಲೆ ಕೆಳಗೆ ನೋಡುವುದು, ಅವಳು ಒಳಗೆ ಹೋಗಿ ಸೀರೆ ಬದಲಿಸಿ ಕೊಟ್ಟಿಗೆಗೆ ಹೋಗುವುದು. ಒಂದು ಮಾತೂ ಆಡುತ್ತಿರಲಿಲ್ಲ.

ಈ ಸಲ ಬಂದದ್ದು ಸಾಲಿಗ್ರಾಮದ ಕಡೆಯ ಸಂಬಂಧ. ಹುಡುಗ ವಾಸುದೇವ, ಮುಂಬಯಿಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಬಂಧುಗಳೊಬ್ಬರ ಮನೆಯ ಮುಂಜಿಯಲ್ಲಿ ಅವನು ಪಾಯಸ ಬಡಿಸುವುದನ್ನು ನಾಗು ಕಂಡಿದ್ದಳು. ಅವನು ಅವಳನ್ನು ಕಂಡಿರಲಿಲ್ಲ. ಕಂಡದ್ದು ಅವಳ ಮುಂದಿದ್ದ ಊಟದ ಎಲೆಯನ್ನು. “ಮುದುಕಿಯರಿಗೆಲ್ಲ ಬಗ್ಗಿ, ಸಾಕಾ ಅಂತ ಕೇಂಡ್ ಬಡ್ಸ್ತಿದ್ರ್ ಅತ್ತಿಗೆ,” ಎಂದು ಜಲಜಳ ಹತ್ತಿರ ಹೇಳಿದ್ದಳಂತೆ. ನಾಗು ಯಾವ ಗಂಡಿನ ವಿಷಯವಾಗಿಯೂ ಅಷ್ಟುದ್ದದ ಮಾತು ಆಡಿದ್ದಿಲ್ಲ. ಅವಳಿಗೆ ಈ ಗಂಡು ಬೇಕಾಗಿತ್ತು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಾಯಿತು.

ಹುಡುಗನ ಹಿರಿಯರೆಂದರೆ ಅವನ ಸೋದರಮಾವ. ಅವರು ಹೇಳಿಕಳಿಸಿದರು: ಮುಂಬಯಿಯಿಂದ ರಜೆ ಹಾಕಿ ಬರುವುದು ಸುಲಭವಲ್ಲ, ಮೊದಲು ಹುಡುಗಿಯ ಪಟ ಕಳಿಸಿ. ಗಂಡಿನ ಪಟ ನಮಗೆ ಬೇಡವೇ ಎಂದು ಜಲಜ ಕೇಳಿದಳು. ಪಾಪ, ಅವಳಿಗೆ ಲೋಕ ಗೊತ್ತಿಲ್ಲ. ಗಂಡಿಗೆ ಮುಖವಿದೆಯೇ ಎಂದು ಯಾರು ಕೇಳುತ್ತಾರೆ? ಸಂಬಳವಿದ್ದರಾಯಿತು.

ನಾಗುವನ್ನು ಕುಂದಾಪುರದ ಫೋಟೋದವನಲ್ಲಿಗೆ ಕರೆದುಕೊಂಡು ಹೋದೆ. ಯುದ್ಧ ಮುಗಿಯುವವರೆಗೆ ಗಾಜಿನ ಪ್ಲೇಟು ಬರುವುದಿಲ್ಲವೆಂದು ಅವನು ಬಾಗಿಲು ಎಳೆದುಕೊಂಡಿದ್ದ. ನಾಗುವಿನ ಮುಖ ಸಣ್ಣದಾಯಿತು. ನನ್ನ ಮುಖ ಅರಳಿತು!

“ಹೆದರಬೇಡ ನಾಗು. ಫೋಟೋ ಯಾಕೆ? ನಾನಿದ್ದೇನೆ.”

ಈಗ ನೆನೆದರೆ, ಅವಳು ಹೆದರಿದ್ದು ಆಗಲೇ.

ದಿನಾ ಸಂಜೆ ಶಾಲೆ ಬಿಟ್ಟು ಬಂದೊಡನೆ ಅವಳನ್ನು ಜಗಲಿಯ ಕಂಬದ ಹತ್ತಿರ ಕೂರಿಸಿ ಬರೆಯತೊಡಗಿದೆ. ಅವಳು ಕಲ್ಲಿನಂತೆ ಕೂರುತ್ತಿದ್ದಳು. ಸೊಳ್ಳೆ ಕಚ್ಚಿದರೂ ಅಲ್ಲಾಡಲಿಲ್ಲ. ನಾನು ಹಾಳೆಯ ಮೇಲೆ ಬಗ್ಗಿದವನು ತಲೆ ಎತ್ತಲಿಲ್ಲ. ಎತ್ತುವ ಅಗತ್ಯವೇನಿತ್ತು? ಕೈ ಪಳಗಿತ್ತಲ್ಲ! ಕೊನೆಗೆ ತಲೆಗೆ ಹೂವು, ಹಣೆಗೆ ಕುಂಕುಮ, ಹೆಗಲಿಗೆ ಸೆರಗು ಕೊಟ್ಟು ಪಟವನ್ನು ಜಗಲಿಯ ಗೋಡೆಗೆ ಒರಗಿಸಿದೆ.

ಅಮ್ಮನ ಕಣ್ಣು ಆಗಲೇ ಮಂಜಾಗಿತ್ತು. “ನಮ್ಮ ಮನಿ ಕಳೆ ಇತ್ತಪ್ಪ,” ಎಂದರು. ಜಲಜ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾಗು ಪಟ ನೋಡಿದಳು, ನನ್ನನ್ನು ನೋಡಿದಳು, ಬಾವಿಕಟ್ಟೆಗೆ ಹೋದಳು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. ಕಲೆ ಒಬ್ಬರ ಮನಸ್ಸನ್ನು ಇಷ್ಟು ಕಲಕಬಲ್ಲುದೇ ಎಂದು ನನಗೇ ಹೆಮ್ಮೆಯೆನಿಸಿತು!

“ಹ್ವಾಯ್, ಇದನ್ನ ಕಳ್ಸ್ಬೇಡಿ,” ಎಂದಳು ಜಲಜ. ಅವಳ ದನಿಯಲ್ಲಿ ಆಗ ತಮಾಷೆ ಇರಲಿಲ್ಲ. “ನಿಮ್ಮ ಕಾಲ್ ಹಿಡಿತೆ. ಇದ್ ನಾಗು ಅಲ್ಲ. ಆ ಹೆಣ್ಣಿನ ಬಾಳ್ ಇದ್ ಮಾರಾಯ್ರೆ, ನಿಮ್ಮ ಮಸಿ ಕಡ್ಡಿ ಆಟ ಅಲ್ಲ.”

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಪಟ ಟಪ್ಪಾಲಿಗೆ ಹಾಕಿ ಬಂದೆ.

ಸಾಲಿಗ್ರಾಮದಿಂದ ಕಾರ್ಡು ಬಂತು. “ಪಟ ತಲುಪಿತು. ರೂಪಕ್ಕಿಂತ ಗುಣ ಮುಖ್ಯವೆಂದು ನಂಬಿದವರು ನಾವು. ಹುಡುಗಿ ಗಟ್ಟಿಮುಟ್ಟಾಗಿ ಕಾಣುತ್ತಾಳೆ. ಹುಡುಗನಿಗೆ ಸಮಾಧಾನ ಹೇಳಿದ್ದೇವೆ. ರಜೆಯಲ್ಲಿ ಬಂದಾಗ ಕರೆದುಕೊಂಡು ಬರುತ್ತೇವೆ.” ನಾನು ಕುಣಿದಾಡುವುದೊಂದು ಬಾಕಿ. ಜಲಜ ಕಾರ್ಡನ್ನು ಮತ್ತೊಮ್ಮೆ ಓದಿ, “ಸಮಾಧಾನ ಹೇಳಿದ್ದೇವೆ ಅಂದ್ರೆ ಎಂತ ಅರ್ಥ ಗೊತ್ತಾಯ್ತಾ?” ಎಂದಳು. ನಾನು ಗುಣ ಎಂಬ ಕಡೆಗೆ ಬೆರಳು ತೋರಿಸಿದೆ.

ಅವರು ಬರುವ ದಿನ ಬಸ್ಸಿನ ಹತ್ತಿರ ನಾನೇ ಹೋಗಿ ನಿಂತೆ. ಹುಡುಗನ ಮಾವಯ್ಯ ಇಳಿದರು. ಸಣಕಲು ಜೀವ, ಕಂಕುಳಲ್ಲಿ ಕೊಡೆ. ನನ್ನ ಮುಖ ನೋಡಿದ್ದೇ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

“ನೀವ್ ಹೆಣ್ಣಿನ ಅಣ್ಣ ಅಲ್ದಾ? ಹೇಳುದೇ ಬ್ಯಾಡ, ಹೇಳುದೇ ಬ್ಯಾಡ!”

ನನ್ನ ಕೀರ್ತಿ ಸಾಲಿಗ್ರಾಮದವರೆಗೆ ಹಬ್ಬಿದೆಯೆಂದು ಎದೆ ಉಬ್ಬಿತು. ಹಿಂದೆ ವಾಸುದೇವ ಇಳಿದ. ಒಳ್ಳೆಯ ಲಕ್ಷಣದ ಹುಡುಗ. ನನ್ನನ್ನು ಕಂಡವನೇ ಬಿಳಿಚಿಕೊಂಡ. ಗದ್ದೆಯ ಅಂಚಿನ ಮೇಲೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ನನ್ನ ಕಿವಿಗಳನ್ನೇ ನೋಡುತ್ತಿದ್ದ. ನಾನು ನಕ್ಕರೆ ಅವನು ಮುಖ ತಿರುಗಿಸುತ್ತಿದ್ದ. ನಾಚಿಕೆ ಸ್ವಭಾವ, ಪರವಾಗಿಲ್ಲ ಎಂದುಕೊಂಡೆ.

ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದೆವು. ಕಾಲಿಗೆ ನೀರಾಯಿತು. ನಾಗು ಬೆಲ್ಲ ನೀರು ತಂದಳು. ವಾಸುದೇವ ತಲೆ ತಗ್ಗಿಸಿ, ಗಲ್ಲಿಗೆ ಹೊರಟವನಂತೆ ಕೂತಿದ್ದ. ಮಾವಯ್ಯ ಬೆಲ್ಲ ಬಾಯಿಗೆ ಹಾಕಿಕೊಂಡು ಕೇಳಿದರು.

“ಇವ್ಳ್ ಯಾರ್? ಹೆಣ್ಣಿನ ತಂಗಿಯಾ?”

“ಇವಳೇ ಹೆಣ್ಣು,” ಎಂದೆ.

ವಾಸುದೇವ ತಟ್ಟನೆ ತಲೆ ಎತ್ತಿದ. ಎತ್ತಿದ ತಲೆ ಮತ್ತೆ ಇಳಿಸಲಿಲ್ಲ. ಮಾವಯ್ಯ ಮಾತ್ರ ನೀರಿನ ತಂಬಿಗೆ ಕೆಳಗಿಟ್ಟು, ಚೀಲದಿಂದ ಪಟ ತೆಗೆದು ಬಿಡಿಸಿದರು. ಪಟ ನೋಡಿದರು, ನಾಗುವನ್ನು ನೋಡಿದರು. ಅವರ ಮುಖದಲ್ಲಿದ್ದ ನಗು ಆರಿಹೋಯಿತು.

“ಮಾಸ್ಟ್ರೆ, ಸಣ್ಣ ಹೆಣ್ಣನ್ನ ತೋರ್ಸಿ ದೊಡ್ಡ ಹೆಣ್ಣನ್ನ ಕಟ್ಟುದ್ ನಂಗೂ ಗೊತ್ತಿತ್. ನಮ್ಮ ಸಂಬಂಧದೊಳಗೇ ಒಬ್ಬ ಹಾಂಗೆ ಮೋಸ ಹೋಯ್ದ. ತೋರ್ಸುಕೆ ಒಬ್ಳ್, ಧಾರೆ ಎರೂಕೆ ಇನ್ನೊಬ್ಳ್! ಪಟದಲ್ಲಿಪ್ಪ ಹೆಣ್ಣನ್ನ ಹೊರಗ್ ಕರೀರಿ.”

“ಅಯ್ಯೋ, ಪಟದಲ್ಲಿರುವವಳೇ ಇವಳು!”

“ನಂಗೆ ಕಣ್ಣ್ ಇತ್ ಮಾರಾಯ್ರೆ.”

ಅಮ್ಮ ಬಾಗಿಲ ಸಂದಿನಿಂದ, ನಮಗಿರುವುದು ಒಬ್ಬಳೇ ಮಗಳೆಂದು ದೇವರ ಮೇಲೆ ಆಣೆ ಇಟ್ಟರು. ನಾನು ಬೆಳಕು ನೆರಳಿನ ತತ್ತ್ವ ವಿವರಿಸತೊಡಗಿದೆ. ಸಾಯಂಕಾಲದ ಓರೆ ಬೆಳಕಿನಲ್ಲಿ ಮೂಗು ತುಸು ದೀರ್ಘವಾಗಿ ಗೋಚರಿಸುವ ಸಂಭವವುಂಟು ಎಂದೆ. ಮಾವಯ್ಯ ನಾಗುವಿನ ಕಡೆ ಕೈ ತೋರಿಸಿದರು.

“ಮೂಗ್ ಬಿಡಿ. ಇವ್ಳ ಗಲ್ಲದ ಮೇಲೆ ಮಚ್ಚೆ ಇತ್ತಲೆ. ಪಟದಲ್ಲಿ ಎಲ್ ಹೋಯ್ತ್ ಅದ್?”

“ಮಚ್ಚೆಯೇ?” ಎಂದೆ ನಾನು. “ಎಲ್ಲಿ?”

ಎಲ್ಲಿ ಎಂಬ ಆ ಒಂದು ಮಾತು ನನ್ನ ಬಾಯಿಂದ ಹೊರಟದ್ದೇ ಮಾವಯ್ಯ ಎದ್ದೇ ನಿಂತರು.

“ಕಂಡ್ಯಾ ವಾಸು! ಒಡಹುಟ್ಟಿದ ತಂಗಿ ಮೊಕದ ಮಚ್ಚೆ ಅಣ್ಣನಿಗೇ ಗೊತ್ತಿಲ್ಲೆ! ಇವ್ಳ್ ಇವ್ರ್ ತಂಗಿಯೇ ಅಲ್ಲ. ಯಾರದ್ದೋ ಮನಿ ಹೆಣ್ಣನ್ನ ಒಂದ್ ದಿನಕ್ಕೆ ತಂದ್ ಕೂರ್ಸಿದ್ರ್!”

ನಾನು ಬೇಲಿಗೆ ಓಡಿದೆ. ಮಂಜಯ್ಯನವರು ಅಲ್ಲೇ ಇದ್ದರು. ಬಹಳ ಹೊತ್ತಿನಿಂದ ಅಲ್ಲೇ ಇದ್ದರೆಂದು ಕಾಣುತ್ತದೆ. ಕೈ ಮುಗಿದು ಕರೆದುಕೊಂಡು ಬಂದೆ. “ನಾಲ್ಕು ಜನ ಮರ್ಯಾದಸ್ಥರಲ್ಲಿ ಒಬ್ಬರು ಇವರು. ಇವರೇ ಹೇಳಲಿ,” ಎಂದೆ. ಮಾವಯ್ಯ ಪಟವನ್ನು ಅವರ ಮುಂದೆ ಹಿಡಿದರು.

“ಇವ್ಳನ್ನ ಈ ಮನಿಯಲ್ಲಿ ಕಂಡಿದ್ರ್ಯಾ?”

ಮಂಜಯ್ಯ ಪಟವನ್ನು ಕಣ್ಣಿನ ಹತ್ತಿರ ತಂದರು, ದೂರ ಒಯ್ದರು. ಆಮೇಲೆ ಅತ್ಯಂತ ಪ್ರಾಮಾಣಿಕವಾಗಿ, “ಈ ಮೊಕವಾ? ಈ ಮನಿಯಲ್ಲಿ ದಿನಾ ಕಾಣ್ತೆ ಮಾರಾಯ್ರೆ,” ಎಂದರು.

“ಅಲ್ಲಿಗಾಯ್ತ್!” ಮಾವಯ್ಯ ಶಾಲು ಹೆಗಲಿಗೆ ಹಾಕಿದರು. “ಚಂದ ಬ್ಯಾಡ ನಮ್ಗೆ. ಮೋಸ ಬ್ಯಾಡ. ಹೊರಡ್ ವಾಸು.”

ವಾಸುದೇವ ಏಳಲೋ ಬೇಡವೋ ಎಂದು ಅರ್ಧ ಎದ್ದ. ನಾಗು ಬೆಲ್ಲ ನೀರಿನ ತಟ್ಟೆ ಹಿಡಿದೇ ನಿಂತಿದ್ದಳು. ಬಣ್ಣ ಸಾಲದೆಂದು ಬಿಟ್ಟು ಹೋದವರಿದ್ದರು. ಪಟಕ್ಕಿಂತ ಚಂದ ಇದ್ದಾಳೆಂದು ಬಿಟ್ಟು ಹೋಗುವವರನ್ನು ತಂಗಿಗೆ ಗಂಟು ಹಾಕಿದ ಅಣ್ಣ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ!

ಆಗ ಒಳಗಿನಿಂದ ಜಲಜ ಬಂದಳು. ಕೈಯಲ್ಲಿ ಅವಳ ಧಾರೆ ಸೀರೆ, ಕುಂಕುಮದ ಭರಣಿ, ಒಂದು ಮೊಳ ಹೂವು.

“ಒಂದ್ ಗಳಿಗೆ ಕೂಕಣಿ ಮಾವಯ್ಯ,” ಎಂದಳು. “ಪಟದಲ್ಲಿಪ್ಪ ಹೆಣ್ಣನ್ನ ಕಾಣ್ಕ್ ಅಂದ್ರಿ ಅಲ್ದಾ? ಈಗ ತೋರ್ಸ್ತೆ.” ಆಮೇಲೆ ನನ್ನ ಕಡೆ ತಿರುಗಿದಳು. “ಹ್ವಾಯ್, ಕೂಕಣಿ ಇಲ್ಲಿ.”

“ಏನೇ ಇದು? ನಾನು ಶಾಲೆಯ ಮಾಸ್ತರ! ಊರಿನಲ್ಲಿ ನನಗೊಂದು...”

“ಅಣ್ಣಯ್ಯ.”

ನಾಗು. ಬಂದವರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

“ಅಷ್ಟ್ ದಿನ ನನ್ನ ಎದ್ರ್ ಕೂತೆ. ಒಂದ್ ಸಲನೂ ನನ್ನ ಮೊಕ ಕಾಣ್ಲಿಲ್ಲೆ ನೀನ್. ಸೊಳ್ಳೆ ಕಚ್ಚಿದ್ರೂ ನಾ ಅಲ್ಲಾಡ್ಲಿಲ್ಲೆ. ಈಗ ನನ್ನ ಸಲುವಾಗಿ ನೀನ್ ಒಂಚೂರ್ ಕೂಕೊ.”

ಕೂತೆ. ಇನ್ನೇನು ಮಾಡಲಿ? ಜಲಜ ಸೀರೆಯನ್ನು ಅಂಗಿಯ ಮೇಲೆಯೇ ಸುತ್ತಿ, ಸೆರಗು ಹೊದಿಸಿ, ಹಣೆಗೆ ಕಾಸಗಲ ಕುಂಕುಮ ಇಟ್ಟಳು. ಹೂವನ್ನು ಸಿಕ್ಕಿಸಲು ಜಾಗ ಸಿಗದೆ ಕಿವಿಗೆ ನೇತುಹಾಕಿದಳು. ಆ ಕಿವಿಗೆ ಇನ್ನೆರಡು ಮೊಳ ಹೂವನ್ನಾದರೂ ನೇತುಹಾಕಬಹುದಿತ್ತು. ಮಾವಯ್ಯನ ಕೈಯಿಂದ ಪಟ ತೆಗೆದು ನನ್ನ ಮುಖದ ಪಕ್ಕದಲ್ಲಿ ಹಿಡಿದಳು.

“ಕಾಣಿ. ಇದೇ ನಮ್ಮ ಮನಿ ದೊಡ್ಡ ಹೆಣ್ಣ್. ಮದುವಿಯಾಯ್ ಹೋಯ್ತ್, ನನ್ ಗ್ರಾಚಾರಕ್ಕೆ.”

ವಾಸುದೇವನಿಂದ ಒಂದು ಸದ್ದು ಹೊರಟಿತು. ಅಳುತ್ತಿದ್ದಾನೆಂದೇ ನಾನು ಮೊದಲು ತಿಳಿದೆ. ಅವನು ನೆಲ ಬಡಿದು ಬಡಿದು ನಗುತ್ತಿದ್ದ. “ಮಾವಯ್ಯ, ಇದೇ! ಇದೇ! ಪಟ ಕಂಡಾಗಿಂದ ನಂಗೆ ನಿದ್ದಿ ಇಲ್ಲೆ ಮಾವಯ್ಯ. ನೀವ್ ಗುಣ, ಗುಣ ಅಂದ್ರಿ ಅಂತ ಬಂದದ್ದ್!” ಮಂಜಯ್ಯ ಕಂಬ ಹಿಡಿದುಕೊಂಡರು. ಹಲವು ದಿನದ ಸಿಟ್ಟು ಅವರ ಕಣ್ಣಲ್ಲಿ ನೀರಾಗಿ ಇಳಿಯುತ್ತಿತ್ತು. ಮಂಜು ಕಣ್ಣಿನ ಅಮ್ಮ ಹೊರಗೆ ಬಂದು, ಹೊಸ ಹೆಂಗಸು ಯಾರೆಂದು ವಿಚಾರಿಸಿದರು.

ಮಾವಯ್ಯ ನಗಲಿಲ್ಲ. ನನ್ನ ಹತ್ತಿರ ಬಂದು ಪಟವನ್ನೂ ನನ್ನನ್ನೂ ಹುಬ್ಬಿನಿಂದ ಗಲ್ಲದವರೆಗೆ ಹೋಲಿಸಿ ನೋಡಿ ತಲೆದೂಗಿದರು.

“ಬರ್ದದ್ ಮಾತ್ರ ಭಾರೀ ಲಾಯ್ಕ್ ಇತ್ ಮಾಸ್ಟ್ರೆ. ಥೇಟ್!”

ಊರಿನಲ್ಲಿ ನನ್ನ ಕಲೆಗೆ ಸಿಕ್ಕಿದ ಮೊದಲ ಮೆಚ್ಚುಗೆ. ಅದನ್ನು ಸ್ವೀಕರಿಸುವಾಗ ನಾನು ಸೀರೆ ಉಟ್ಟಿದ್ದೆ.

ಅವರು ತಿರುಗಿ ಚಾಪೆಯ ಮೇಲೆ ಕೂತರು. “ಮಾಣಿ, ನಿನ್ನ ಮಾತೆಂತ?” ಎಂದು ಕೇಳಿದರು. ವಾಸುದೇವ ನಾಗುವನ್ನೇ ನೋಡುತ್ತ, “ಅಕ್ಕ್,” ಎಂದು ಒಪ್ಪಿದ. ಜಲಜ ಅವಲಕ್ಕಿ ತಂದಿಟ್ಟಳು. ಎಲ್ಲರೂ ಕೈ ಚಾಚಿದರು. ಅವಳು ತಟ್ಟೆಯನ್ನು ಹಿಂದಕ್ಕೆಳೆದಳು.

“ಹೆಣ್ಣಿನ್ ಹತ್ರ ಯಾರೂ ಕೇಣ್ಲಿಲ್ಲೆ. ನಾಗು, ನಿಂಗೆ?”

ಮಾವಯ್ಯನ ಕೈ ಗಾಳಿಯಲ್ಲೇ ನಿಂತಿತು. ನಾಗು ತಟ್ಟೆ ಕೆಳಗಿಟ್ಟು, ಮುಖ ಎತ್ತಿ, ವಾಸುದೇವನನ್ನು ನೋಡಿದಳು. “ಅಕ್ಕ್ ಅತ್ತಿಗೆ,” ಎಂದಳು. ಎಂದು ನಕ್ಕಳು.

ಸೀರೆಯೊಳಗೆ ಅಲ್ಲಾಡಲಾರದೆ ಕೂತಿದ್ದ ನನಗೆ ಅವಳನ್ನು ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ನೋಡಿದೆ. ಎಡಗಲ್ಲದ ಮೇಲೆ ಎಳ್ಳಿನಷ್ಟು ಮಚ್ಚೆ. ನಕ್ಕಾಗ ಅದು ಸ್ವಲ್ಪ ಮೇಲೆ ಸರಿಯುತ್ತದೆ. ಒಂದು ಹುಬ್ಬು ಇನ್ನೊಂದಕ್ಕಿಂತ ಕೂದಲೆಳೆ ಎತ್ತರ. ಮೂಗು ಸಣ್ಣದು, ಅಮ್ಮನದು. ನನ್ನ ತಂಗಿ ಇಷ್ಟು ಚಂದವೇ! ಎತ್ತಿ ಆಡಿಸಿದ ಮಗು, ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ನಾನು ಏನು ನೋಡುತ್ತಿದ್ದೆ? ನನಗೆ ನಾಚಿಕೆಯಾಯಿತು, ಸಂತೋಷವೂ ಉಕ್ಕಿ ಬಂತು. ಕಂಡದ್ದನ್ನು ಬರೆಯಬೇಕೆಂದು ಗುರುಗಳು ಹೇಳಿದ್ದು ಏನೆಂದು ನನ್ನ ಮಂಡೆಗೆ ಹೊಳೆಯಿತು. ನಾನು ಸೆರಗು ಸರಿಸಿ ಎದ್ದು ನಿಂತೆ.

“ಎಲ್ಲರೂ ಹಾಗೇ ಕೂತಿರಿ!” ಎಂದು ಕೂಗಿದೆ. “ಈಗ ಗೊತ್ತಾಯಿತು ನನಗೆ! ಜಲಜ, ಒಂದು ಹಾಳೆ, ಇದ್ದಿಲ ಕಡ್ಡಿ ತಾ. ನಾಗುವಿನ ಪಟ ಈಗ ಬರೆಯುತ್ತೇನೆ!”

“ಬ್ಯಾಡ!”

ಅಮ್ಮ, ಜಲಜ, ನಾಗು, ವಾಸುದೇವ, ಮಾವಯ್ಯ, ಸಂಬಂಧವಿಲ್ಲದ ಮಂಜಯ್ಯ ಕೂಡ, ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಕೂಡಿ ಒಪ್ಪಿದ ಮೊದಲ ಮಾತು ಅದು. ಸಂಬಂಧ ಅಲ್ಲಿಗೆ ಗಟ್ಟಿಯಾಯಿತು.